ಸಕ್ಕರೆಯೂ ನಮ್ಮ ಮಕ್ಕಳ ದೇಹವೂ

ಹುಟ್ಟುಹಬ್ಬದ ದಿನ ಸಹಪಾಠಿಗಳಿಗೆ ಮಿಠಾಯಿ ಹಂಚುವ ಪದ್ಧತಿಯನ್ನು ಈ ವರುಷ ನಮ್ಮ ಶಾಲೆಯಲ್ಲಿ ನಿಲ್ಲಿಸಿದೆವಷ್ಟೆ. ಇದರಿಂದ ಕೆಲವು ಪೋಷಕರು ನೊಂದುಕೊಂಡರೆಂಬುದನ್ನು ಬಲ್ಲೆವು. ಕೂಸನ್ನು ಎತ್ತಿಕೊಂಡು ನಮ್ಮನ್ನು ನೋಡಲು ಬಂದ ಹಳೆಯ ವಿದ್ಯಾರ್ಥಿನಿಯೊಬ್ಬಳು, “ನಾವೂ ಮಿಠಾಯಿ ತಿಂದೇ ಬೆಳೆದವರಲ್ಲವೇ, ಟೀಚರಮ್ಮಾ?” ಎಂದು ಕೇಳಿದಳು. ಆ ದಿನ ಆಕೆಗೆ ತಕ್ಕ ಉತ್ತರ ಕೊಡಲಾರದೆ ಹೋದೆವು. ಈಗ ಕೊಡಲು ಯತ್ನಿಸುವೆವು.

ಸಕ್ಕರೆಯು ವಿಷವೆಂದು ನಾವು ಹೇಳತಕ್ಕವರಲ್ಲ. ಅದು ಜೀರ್ಣವಾಗುವಾಗ ಗ್ಲೂಕೋಸು, ಫ್ರಕ್ಟೋಸು ಎಂದು ಎರಡಾಗಿ ಒಡೆಯುವುದು. ಗ್ಲೂಕೋಸು ರಕ್ತದೊಡನೆ ಸರ್ವಾಂಗಕ್ಕೂ ಹರಿಯುವುದು; ಅದನ್ನು ಜೀವಕಣಗಳೊಳಕ್ಕೆ ಸೇರಿಸುವುದಕ್ಕಾಗಿ ಮೇದೋಜೀರಕಗ್ರಂಥಿಯು ಇನ್ಸುಲಿನ್ ಎಂಬ ರಸವನ್ನು ಸ್ರವಿಸುವುದು. ಫ್ರಕ್ಟೋಸಾದರೋ ಬಹುಮಟ್ಟಿಗೆ ಯಕೃತ್ತಿನ ಪಾಲು. ಅದು ದಿನದಿನವೂ ಮಿತಿಮೀರಿ ಬಂದರೆ ಯಕೃತ್ತು ಅದನ್ನು ಕೊಬ್ಬನ್ನಾಗಿ ಮಾರ್ಪಡಿಸುವುದು. ಕೊಬ್ಬು ತುಂಬಿದ ಯಕೃತ್ತು ಇನ್ಸುಲಿನ್ನಿನ ಮಾತು ಕೇಳದು. ಆಗ ಗ್ರಂಥಿಯು ಇನ್ನೂ ಹೆಚ್ಚು ದುಡಿಯಬೇಕಾಗುವುದು. ವರುಷಗಟ್ಟಲೆ ದುಡಿದು ದಣಿದ ಮೇಲೆ ರಕ್ತದಲ್ಲಿ ಸಕ್ಕರೆಯು ಏರಿಯೇ ನಿಲ್ಲುವುದು. ವಂಶ, ಬೊಜ್ಜು, ಶ್ರಮವಿಲ್ಲದ ಬಾಳು ಇವುಗಳ ಪಾಲೂ ಈ ರೋಗದಲ್ಲಿ ದೊಡ್ಡದೇ. ಒಂದು ಲಾಡುವಿನಿಂದ ಯಾರಿಗೂ ಮಧುಮೇಹ ಬಾರದು. ದಿನದ ರೂಢಿಯೇ ನಮ್ಮ ಚಿಂತೆ.

ಆ ವಿದ್ಯಾರ್ಥಿನಿಯ ಪ್ರಶ್ನೆಗೆ ನೇರವಾದ ಉತ್ತರವು ಇಂಗ್ಲೆಂಡಿನಿಂದ ಬಂದಿದೆ. ಎರಡನೆಯ ಮಹಾಯುದ್ಧದ ಕಾರಣ 1940ನೆಯ ಇಸವಿಯ ಜನವರಿಯಲ್ಲಿ ಬ್ರಿಟಿಷ್ ಸರಕಾರವು ಸಕ್ಕರೆಗೆ ರೇಷನ್ ವಿಧಿಸಿತು. 1953ರ ಸೆಪ್ಟೆಂಬರಿನಲ್ಲಿ ಅದನ್ನು ತೆಗೆದೊಡನೆ, ದಿನಕ್ಕೆ ಸುಮಾರು 40 ಗ್ರಾಂ ತಿನ್ನುತ್ತಿದ್ದ ಜನರು ಸುಮಾರು 80 ಗ್ರಾಂ ತಿನ್ನತೊಡಗಿದರು. ಆ ಗಡಿಯ ಈಚೆಗೂ ಆಚೆಗೂ ಹುಟ್ಟಿದ ಸುಮಾರು 60,000 ಮಂದಿಯ ಆರೋಗ್ಯವನ್ನು ವಿದ್ವಾಂಸರು ಹೋಲಿಸಿ 2024ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ತಾಯಿಯ ಗರ್ಭದಲ್ಲಿಯೂ ಶೈಶವದಲ್ಲಿಯೂ ರೇಷನ್ನಿನ ಕಾಲವನ್ನು ಕಳೆದವರಲ್ಲಿ ಎರಡನೆಯ ಬಗೆಯ ಮಧುಮೇಹದ ಅಪಾಯವು ಶೇಕಡಾ 35ರಷ್ಟೂ, ರಕ್ತದೊತ್ತಡದ ಅಪಾಯವು ಶೇಕಡಾ 20ರಷ್ಟೂ ಕಡಮೆಯಾಗಿತ್ತು. ರೋಗ ಬಂದವರಿಗೂ ಮಧುಮೇಹವು ಸುಮಾರು 4 ವರುಷ ತಡವಾಗಿ ಬಂದಿತು. ಮಿಠಾಯಿ ತಿಂದೇ ಬೆಳೆದವರೂ ಬೆಳೆದರು, ನಿಜ. ಆದರೆ ಅದರ ಲೆಕ್ಕವು ಐವತ್ತನೆಯ ವಯಸ್ಸಿನ ಮೇಲೆ ಕೈಗೆ ಬಂದಿತು. ಬಸುರಿಯ ಊಟವೂ ಹಸುಳೆಯ ಬಟ್ಟಲೂ ಇಷ್ಟು ದೂರ ಪರಿಣಾಮ ಮಾಡುವುವೆಂದು, ಇದನ್ನು ಓದುವ ಮೊದಲು ನಾವೂ ಎಣಿಸಿರಲಿಲ್ಲ.

ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಮಧುಮೇಹವಿದೆಯೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ನೆರವಿನಿಂದ ನಡೆದ ಸಮೀಕ್ಷೆಯು 2023ರಲ್ಲಿ ತಿಳಿಸಿತು. ಆದುದರಿಂದ ಇದು ಪರದೇಶದ ಮಾತೆಂದು ತಳ್ಳತಕ್ಕದ್ದಲ್ಲ.

ಹಾಗಾದರೆ ಎಷ್ಟು ತಿನ್ನಬಹುದು? ಬೇರೆಯಾಗಿ ಸೇರಿಸಿದ ಸಕ್ಕರೆಯು ದಿನದ ಆಹಾರಶಕ್ತಿಯ ಹತ್ತನೆಯ ಒಂದು ಪಾಲನ್ನು ಮೀರಬಾರದು, ಇಪ್ಪತ್ತನೆಯ ಒಂದು ಪಾಲಿಗೆ ಇಳಿದರೆ ಇನ್ನೂ ಲೇಸು ಎಂದು ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ಸೂಚಿಸಿತು. ಈ ಎರಡನೆಯ ಮಿತಿಯು ಪ್ರಾಯಸ್ಥರಿಗೆ ಸುಮಾರು 25 ಗ್ರಾಂ, ಎಂದರೆ ಆರು ಚಮಚೆ. ಅಂಗಡಿಯ ಬಣ್ಣದ ಪಾನೀಯದ 300 ಮಿಲಿಲೀಟರಿನ ಸೀಸೆಯೊಂದರಲ್ಲಿಯೇ ಅನೇಕವೇಳೆ 30 ಗ್ರಾಂ ಇರುವುದುಂಟು! ಕುಡಿದದ್ದರಿಂದ ಹೊಟ್ಟೆಯೂ ತುಂಬದು. ಇಡಿಯ ಹಣ್ಣಿನಲ್ಲಿರುವ ಸಿಹಿಗೆ ಈ ಲೆಕ್ಕವಿಲ್ಲ. ಆದರೆ ಬೆಲ್ಲಕ್ಕೂ ಜೇನಿಗೂ ಉಂಟು. “ಬೆಲ್ಲವಾದರೆ ದೋಷವಿಲ್ಲ” ಎಂಬುದು ನಮ್ಮ ಮನೆಗಳ ಹಳೆಯ ನಂಬಿಕೆ. ಬೆಲ್ಲದಲ್ಲಿಯೂ ಬಹುಪಾಲು ಸಕ್ಕರೆಯೇ ಇರುವುದು. ಎರಡು ವರುಷ ತುಂಬುವ ತನಕ ಕೂಸಿನ ಹಾಲಿಗಾಗಲಿ ಗಂಜಿಗಾಗಲಿ ಸಕ್ಕರೆ ಬೆರಸಬಾರದೆಂದು ಮಕ್ಕಳ ವೈದ್ಯರು ಹೇಳುವರು. ಪ್ರಶ್ನೆ ಕೇಳಿದ ಆ ತಾಯಿಯು ಈ ಒಂದು ಮಾತನ್ನಾದರೂ ನಡಿಸಬೇಕೆಂದು ಕೋರುವೆವು.

ಕ್ರಿಸ್ತಜಯಂತಿಯ ಕಜ್ಜಾಯವನ್ನು ನಾವು ನಿಲ್ಲಿಸಿಲ್ಲ, ನಿಲ್ಲಿಸುವುದೂ ಇಲ್ಲ. ಹುಟ್ಟುಹಬ್ಬಕ್ಕೆ ಮಾತ್ರ, ಮನಸ್ಸಿದ್ದವರು ಹಣ್ಣನ್ನೋ ಬೇಯಿಸಿದ ಕಡಲೆಕಾಯಿಯನ್ನೋ ಕಳುಹಿಸಬಹುದು. ಕಳೆದ ತಿಂಗಳು ಎಂಟನೆಯ ತರಗತಿಯ ಹುಡುಗಿಯೊಬ್ಬಳ ಅಜ್ಜಿಯು ಒಂದು ಪುಟ್ಟಿ ಕಡಲೆಕಾಯಿ ಬೇಯಿಸಿ ಕಳುಹಿಸಿದ್ದರು. ವಿರಾಮದ ಗಂಟೆ ಮುಗಿಯುವುದರೊಳಗೆ ಪುಟ್ಟಿಯು ಬರಿದಾಯಿತು. ಉಪಾಧ್ಯಾಯಿನಿಯರ ಕೋಣೆಗೆ ಒಂದು ಕಾಯಿಯೂ ಬರಲಿಲ್ಲ.