ಸುಮೋ ಯಾಕೆ ಕೆಟ್ಟಿತು?

ಟಾಟಾ ಸುಮೋ ಗಾಡಿ ನಮಗೆಲ್ಲ ಗೊತ್ತು. ಅದರಲ್ಲಿ ಮದುವೆಗೆ ಹೋಗಿದ್ದೇವೆ. ಹೆರಿಗೆ ನೋವು ಬಂದವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೇವೆ. ಈ ಗಾಡಿ ಮಾರಾಟಕ್ಕೆ ಬಂದದ್ದು 1994ರಲ್ಲಿ. 2019ರಲ್ಲಿ ಇದರ ತಯಾರಿಕೆ ನಿಂತಿತು. ಆದರೂ ಹಳೇ ಸುಮೋಗಳು ಇನ್ನೂ ಓಡುತ್ತಿವೆ. ಕೆಲವು ನಮ್ಮ ಅಕ್ಕತಂಗಿಯರ ಮನೆಯವೇ. ಗಾಡಿ ಓಡಿದರೆ ಮನೆಗೆ ದುಡ್ಡು. ನಿಂತರೆ ಸಾಲ.

ಗಾಡಿ ಕೆಟ್ಟರೆ "ನಮಗೇನು ಗೊತ್ತಾಗುತ್ತೆ?" ಅಂತೀವಿ. ಯಾಕೆ ಗೊತ್ತಾಗಲ್ಲ? ಒಲೆಯ ಹೊಗೆ ನೋಡಿ ಸೌದೆ ಹಸಿಯೋ ಒಣಗಿದ್ದೋ ಹೇಳುವವರು ನಾವು.

ಮೊದಲು ಬಿಸಿಯ ವಿಷಯ ನೋಡೋಣ. ಹಳೇ ಗಾಡಿಗೆ ಇದೇ ದೊಡ್ಡ ಕಾಟ. ಇಂಜಿನ್ನಿನಲ್ಲಿ ಡೀಸೆಲ್ ಉರಿಯುತ್ತದೆ. ಇಂಜಿನ್ ಕಾಯುತ್ತದೆ. ಆ ಬಿಸಿಯನ್ನು ನೀರು ಹೊತ್ತುಕೊಂಡು ರೇಡಿಯೇಟರಿಗೆ ಬರುತ್ತದೆ. ಅಲ್ಲಿ ಗಾಳಿಗೆ ತಣ್ಣಗಾಗುತ್ತದೆ. ಮತ್ತೆ ಇಂಜಿನ್ನಿಗೆ ಹೋಗುತ್ತದೆ. ಡ್ರೈವರ್ ಮುಂದೆ ಒಂದು ಮುಳ್ಳು ಇದೆ. 'ಸಿ' ಕಡೆ ಇದ್ದರೆ ತಣ್ಣಗಿದೆ. 'ಎಚ್' ಕಡೆ ಹೋದರೆ ಬಿಸಿ ಹೆಚ್ಚಾಗಿದೆ. ಆಗ ಗಾಡಿ ಪಕ್ಕಕ್ಕೆ ಹಾಕಿಸಿ. ಇಂಜಿನ್ ನಿಲ್ಲಿಸಲು ಹೇಳಿ.

ರೇಡಿಯೇಟರ್ ಮುಚ್ಚಳ ಮಾತ್ರ ತೆಗೆಯಬೇಡಿ. ಕೂಗುವ ಕುಕ್ಕರಿನ ಮುಚ್ಚಳ ನಾವು ತೆಗೆಯುತ್ತೇವೆಯೇ? ಇದೂ ಹಾಗೇ. ಒಳಗೆ ಒತ್ತಡ ಇರುತ್ತದೆ. ಕುದಿಯುವ ನೀರು ಮುಖಕ್ಕೆ ಚಿಮ್ಮುತ್ತದೆ. ಪೂರ್ತಿ ತಣ್ಣಗಾಗಲಿ. ಅರ್ಧ ಗಂಟೆಗಿಂತ ಹೆಚ್ಚು ಕಾಯಬೇಕಾಗಬಹುದು. ಆಮೇಲೆ ದಪ್ಪ ಬಟ್ಟೆ ಹಿಡಿದು ಮೆಲ್ಲಗೆ ತಿರುಗಿಸಿ, ನೀರು ಹಾಕಿ. ಕಾದ ಇಂಜಿನ್ನಿಗೆ ತಣ್ಣೀರು ಸುರಿದರೆ ಅದು ಬಿರುಕು ಬಿಡಬಹುದು.

ಬಿಸಿ ಯಾಕಾಯಿತು? ನೀರಿನ ಪೈಪು ಸೀಳಿರಬಹುದು. ರೇಡಿಯೇಟರ್ ಸಂದಿಯಲ್ಲಿ ಹೊಟ್ಟು, ಧೂಳು ತುಂಬಿರಬಹುದು. ಬೆಲ್ಟು ಸಡಿಲವಾಗಿರಬಹುದು. ನಮ್ಮ ಕಲಿಕಾ ಕೇಂದ್ರಕ್ಕೆ ಬರುವ ಒಬ್ಬ ಅಕ್ಕನ ಮನೆ ಗಾಡಿ ಹೀಗೇ ಕಾಯುತ್ತಿತ್ತು. "ಇಂಜಿನ್ ಬಿಚ್ಚಬೇಕು, ಸಾವಿರಾರು ರೂಪಾಯಿ ಆಗುತ್ತೆ" ಅಂದ ಮೆಕ್ಯಾನಿಕ್. ಅಕ್ಕ ಬಿಡಲಿಲ್ಲ. "ಮೊದಲು ಬೆಲ್ಟು ನೋಡಪ್ಪ" ಅಂದರು. ಬೆಲ್ಟು ಜೋತುಬಿದ್ದಿತ್ತು. ಬಿಗಿ ಮಾಡಿದ ಮೇಲೆ ಮುಳ್ಳು ಮೇಲೇರಲಿಲ್ಲ. ಎಲ್ಲ ಮೆಕ್ಯಾನಿಕ್ಕುಗಳೂ ಹೀಗೆ ಅಂತ ನಾವು ಹೇಳುವುದಿಲ್ಲ. ಆದರೆ ಕೇಳಿದರೆ ತಪ್ಪೇನು?

ಬೆಲ್ಟು ನಾವೇ ನೋಡಬಹುದು. ಇಂಜಿನ್ ನಿಂತಿರಬೇಕು. ಕೀಲಿ ನಮ್ಮ ಕೈಯಲ್ಲಿರಬೇಕು. ಸೆರಗು ಸಿಕ್ಕಿಸಿ, ಜಡೆ ಹಿಂದೆ ಹಾಕಿ. ಬೆಲ್ಟಿನ ನಡುವೆ ಹೆಬ್ಬೆರಳಿನಿಂದ ಒತ್ತಿ. ಸುಮಾರು ಅರ್ಧ ಅಂಗುಲ ಬಗ್ಗಿದರೆ ಸರಿ. ಬಹಳ ಬಗ್ಗಿದರೆ ಸಡಿಲ. ಬ್ಯಾಟರಿ ಚಾರ್ಜ್ ಆಗುವುದೂ ಬೆಲ್ಟಿನಿಂದಲೇ. ಅದು ಸಡಿಲವಾದರೆ ಬ್ಯಾಟರಿಯೂ ಇಳಿಯುತ್ತದೆ.

ಬೆಳಿಗ್ಗೆ ಕೀಲಿ ತಿರುಗಿಸಿದರೆ ಬರೀ ಟಕ್ ಟಕ್ ಶಬ್ದ ಬರುತ್ತದೆಯೇ? ಹೆಡ್‌ಲೈಟ್ ಹಾಕಿಸಿ. ದೀಪ ಮಂಕಾಗಿದ್ದರೆ ಬ್ಯಾಟರಿ ಇಳಿದಿದೆ, ಇಲ್ಲವೇ ವೈರು ಸಡಿಲವಾಗಿದೆ. ದೀಪ ಚೆನ್ನಾಗಿ ಉರಿದರೆ ಸೆಲ್ಫ್ ಮೋಟರನ್ನು ತೋರಿಸಿ. ಬ್ಯಾಟರಿಯ ತುದಿಗೆ ಬಿಳಿ ಪುಡಿ ಕಟ್ಟಿದ್ದರೆ ಮೊದಲು ಮೈನಸ್ ವೈರು ಬಿಚ್ಚಿಸಿ. ಬಿಸಿನೀರಿಗೆ ಅಡುಗೆ ಸೋಡ ಹಾಕಿ ತೊಳೆಯಿರಿ. ನೀರು ಬ್ಯಾಟರಿಯ ಒಳಗೆ ಹೋಗಬಾರದು. ಬರಿಗೈಲಿ ಮುಟ್ಟಬೇಡಿ. ಹತ್ತಿರ ಬೆಂಕಿಕಡ್ಡಿ ಗೀರಬೇಡಿ.

ಇನ್ನು ಹೊಗೆ. ಕಪ್ಪು ಹೊಗೆ ಬಂದರೆ ಮೊದಲು ಏರ್ ಫಿಲ್ಟರ್ ನೋಡಿಸಿ. ಧೂಳು ಕಟ್ಟಿದರೆ ಇಂಜಿನ್ನಿಗೆ ಉಸಿರಾಡಲು ಆಗುವುದಿಲ್ಲ. ನೀಲಿ ಹೊಗೆ ಬಂದರೆ ಇಂಜಿನ್ ಆಯಿಲ್ ಉರಿಯುತ್ತಿದೆ. ಇಂಜಿನ್ ಕಾದ ಮೇಲೂ ಬಿಳಿ ಹೊಗೆ ನಿಲ್ಲಲಿಲ್ಲ, ರೇಡಿಯೇಟರ್ ನೀರೂ ಕಡಿಮೆಯಾಗುತ್ತಿದೆ ಅಂದರೆ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ಅದು ಮೆಕ್ಯಾನಿಕ್ಕಿನ ಕೆಲಸ.

ಬ್ರೇಕಿನ ವಿಷಯ ಬೇರೆ. ಉಳಿದದ್ದು ಕೆಟ್ಟರೆ ಗಾಡಿ ನಿಲ್ಲುತ್ತದೆ. ಬ್ರೇಕ್ ಕೆಟ್ಟರೆ ಗಾಡಿ ನಿಲ್ಲುವುದೇ ಇಲ್ಲ. "ಎರಡು ಸಲ ತುಳಿದರೆ ಹಿಡಿಯುತ್ತೆ ಬಿಡು" ಅಂತ ಮನೆಯಲ್ಲಿ ಹೇಳಿದರೆ ಕೇಳಬೇಡಿ. ಪೆಡಲ್ ಕೆಳಗೆ ಇಳಿಯುತ್ತಿದ್ದರೆ ಬ್ರೇಕ್ ಆಯಿಲ್ ಡಬ್ಬಿ ನೋಡಿ. ಗೆರೆಗಿಂತ ಕೆಳಗಿದ್ದರೆ ಆಯಿಲ್ ಎಲ್ಲಿಗೆ ಹೋಯಿತು? ಚಕ್ರದ ಒಳಬದಿ ಒದ್ದೆಯಾಗಿದೆಯೇ ನೋಡಿ. ಬ್ರೇಕ್ ಆಯಿಲ್ ಬದಲು ಇಂಜಿನ್ ಆಯಿಲ್ ಹಾಕಲು ಬಿಡಬೇಡಿ, ಒಳಗಿನ ರಬ್ಬರು ಊದಿ ಹಾಳಾಗುತ್ತದೆ. ಸೋರುವ ಜಾಗ ರಿಪೇರಿ ಆಗಬೇಕು. ಪೈಪಿನೊಳಗಿನ ಗಾಳಿ ತೆಗೆಸಬೇಕು. ಬಾಡಿಗೆಯವರು ಬಾಗಿಲಲ್ಲಿ ಕಾಯುತ್ತಿದ್ದರೂ ಸರಿ, ಪೆಡಲ್ ಒಂದೇ ತುಳಿತಕ್ಕೆ ಗಟ್ಟಿಯಾಗಿ ನಿಲ್ಲುವುದನ್ನು ನೋಡಿದ ಮೇಲೆ ಕೀಲಿ ಕೊಡಿ.