ಧರ್ಮಪುರದಲ್ಲಿ ಹಾಡು ಕೇಳಬೇಕೆಂದರೆ

ಪ್ರಶ್ನೆ: ಕೆಲಸದ ಮೇಲೆ ಬೆಂಗಳೂರಿನಿಂದ ಹಿರಿಯೂರು ತಾಲ್ಲೂಕಿನ ಧರ್ಮಪುರಕ್ಕೆ ಬಂದಿದ್ದೇನೆ. ಅಲ್ಲಿದ್ದಾಗ ತಿಂಗಳಿಗೊಮ್ಮೆಯಾದರೂ ಎಲ್ಲಾದರೂ ಕೂತು, ಎದುರಿಗೇ ಹಾಡುವವರನ್ನು ಕೇಳಿ ಬರುತ್ತಿದ್ದೆ. ಇಲ್ಲಿ ಮೊಬೈಲೇ ಗತಿಯಾಗಿದೆ. ಈ ಕಡೆ ಸಂಗೀತ ಕೇಳಲು ಸಿಗುವ ಜಾಗಗಳು ಯಾವುವು?

ಉತ್ತರ: ಟಿಕೆಟ್ ಕೊಂಡು ಒಳಗೆ ಹೋಗಿ ಕುರ್ಚಿಯಲ್ಲಿ ಕೂರುವಂಥ ಜಾಗವೇ ಬೇಕೆಂದರೆ ನೀವು ಹಿರಿಯೂರು ದಾಟಿ ಚಿತ್ರದುರ್ಗದ ತ.ರಾ.ಸು. ರಂಗಮಂದಿರದವರೆಗೆ ಹೋಗಬೇಕಾದೀತು. ಅಲ್ಲೂ ಹೋದ ದಿನವೆಲ್ಲ ಕಾರ್ಯಕ್ರಮ ಇರುವುದಿಲ್ಲ. ಧರ್ಮಪುರ ಹೋಬಳಿಯ ಹಾಡು ತಿಥಿ, ಹರಕೆ, ಸುಗ್ಗಿಗಳನ್ನು ನೋಡಿಕೊಂಡು ನಡೆಯುತ್ತದೆ. ಇದು ಹಳ್ಳಿಗೆ ಮಾತ್ರ ಅಂಟಿದ ರೀತಿಯೂ ಅಲ್ಲ. ನೀವು ಬಿಟ್ಟುಬಂದ ಬೆಂಗಳೂರಿನಲ್ಲೇ ಶ್ರೀರಾಮಸೇವಾ ಮಂಡಳಿಯವರು 1939ರಿಂದ ರಾಮನವಮಿಗೆ ಚಪ್ಪರ ಹಾಕಿ ತಿಂಗಳುಗಟ್ಟಲೆ ಕಚೇರಿ ನಡೆಸುತ್ತ ಬಂದಿದ್ದಾರೆ. ಚಾಮರಾಜಪೇಟೆಯ ಕೋಟೆ ಹೈಸ್ಕೂಲಿನ ಆ ಮೈದಾನಕ್ಕೆ ಆಷಾಢದಲ್ಲಿ ಹೋದರೆ ಹುಡುಗರ ಕ್ರಿಕೆಟ್ ನೋಡಿಕೊಂಡು ಬರಬೇಕು, ಅಷ್ಟೇ.

ಆದ್ದರಿಂದ ಊರಿಗೆ ಬಂದ ಹೊಸಬರು ಮೊದಲು ಪರಿಚಯ ಮಾಡಿಕೊಳ್ಳಬೇಕಾದದ್ದು ಮೈಕ್‌ಸೆಟ್ ಅಂಗಡಿಯವರನ್ನು. ಯಾವ ಊರಲ್ಲಿ ಯಾವ ರಾತ್ರಿ ಏನಿದೆ ಎಂಬುದು ಅವರ ಡೈರಿಯಲ್ಲಿರುತ್ತದೆ. ದೇವರ ಉತ್ಸವ, ಭಜನೆ, ನಾಟಕ, ಮದುವೆ ಯಾವುದೇ ಇರಲಿ, ಅಡ್ವಾನ್ಸ್ ಕೊಡಲು ಜನ ಮೊದಲು ಬರುವುದು ಅವರ ಹತ್ತಿರವೇ. ಶಾಮಿಯಾನದವರೂ ನಾಟಕದ ಸೀನರಿ ಬಾಡಿಗೆಗೆ ಕೊಡುವವರೂ ಅಷ್ಟೇ ಖಚಿತವಾಗಿ ಹೇಳಬಲ್ಲರು. ಗೋಡೆಗೆ ಕರಪತ್ರ ಅಂಟುವ ಹೊತ್ತಿಗೆ ಸುದ್ದಿ ಹಳೆಯದಾಗಿರುತ್ತದೆ.

ಇನ್ನು ಕೇಳುವುದೇನನ್ನು? ನನ್ನನ್ನು ಕೇಳಿದರೆ, ಮೊದಲು ಪೌರಾಣಿಕ ನಾಟಕ. ಸಂಗೀತ ಕೇಳಿದರೆ ನಾಟಕಕ್ಕೆ ಕಳಿಸುತ್ತಾರಲ್ಲ ಎನ್ನಬೇಡಿ. ತುಮಕೂರು, ಶಿರಾ, ಹಿರಿಯೂರು ಸೀಮೆಯಲ್ಲಿ ‘ಕುರುಕ್ಷೇತ್ರ’ವೆಂದರೆ ರಾತ್ರಿಯಿಡೀ ನಡೆಯುವ ಹಾಡುಗಾರಿಕೆ. ಗುಬ್ಬಿ ಕಂಪನಿಯವರು 1930ರ ದಶಕದಲ್ಲಿ ಆನೆ, ಕುದುರೆಗಳನ್ನೇ ರಂಗಕ್ಕೆ ತಂದು ಆಡಿದ ಈ ಕಥೆಯನ್ನು ಇವತ್ತು ರೈತರು, ಮೇಷ್ಟ್ರುಗಳು, ಲಾರಿ ಓಡಿಸುವವರು, ಪಂಚಾಯ್ತಿ ಮೆಂಬರುಗಳು ಬಣ್ಣ ಹಚ್ಚಿಕೊಂಡು ಹಾಡುತ್ತಾರೆ. ಆನೆ ಪರದೆಯ ಮೇಲಿನ ಚಿತ್ರಕ್ಕೆ ಸೇರಿಹೋಯಿತು, ಕಂದಪದ್ಯ ಮಾತ್ರ ಹಾಗೇ ಉಳಿಯಿತು. ಪಾರ್ಸಿ ಮತ್ತು ಮರಾಠಿ ಕಂಪನಿಗಳು ಕನ್ನಡ ರಂಗಕ್ಕೆ ದಾಟಿಸಿದ ಹಿಂದೂಸ್ತಾನಿ ಮಟ್ಟುಗಳೂ ನಮ್ಮ ಕರ್ನಾಟಕ ರಾಗಗಳೂ ಒಂದರೊಳಗೊಂದು ಬೆರೆತು ಹುಟ್ಟಿದ ಈ ರಂಗಗೀತೆಗೆ ಶಾಸ್ತ್ರದವರು ಮೂಗು ಮುರಿಯುವುದುಂಟು. ಮುರಿಯಲಿ. ದುರ್ಯೋಧನನ ಪಾತ್ರಧಾರಿ ಮೇಲಿನ ಷಡ್ಜಕ್ಕೆ ಕೈಚಾಚಿ ನಿಂತಾಗ ಮೈದಾನದಲ್ಲಿ ಕೂತ ಸಾವಿರ ಜನ ಉಸಿರು ಹಿಡಿದಿರುತ್ತಾರೆ.

ಇದರ ಬೆನ್ನೆಲುಬು ಹಾರ್ಮೋನಿಯಂ ಮೇಷ್ಟ್ರು. ಹಾಡು ಕಲಿಸುವವರು, ಮಾತು ತಿದ್ದುವವರು, ನಾಟಕದ ರಾತ್ರಿ ಕಾಲ್ಪೆಟ್ಟಿಗೆಯ ಮುಂದೆ ಕೂತು ಶ್ರುತಿ ತಪ್ಪಿದವರನ್ನು ಕಣ್ಣಲ್ಲೇ ಗದರಿ ದಾರಿಗೆ ತರುವವರು ಎಲ್ಲ ಅವರೇ. ಈಗ ಎಷ್ಟೋ ಕಡೆ ಆ ಜಾಗದಲ್ಲಿ ಕೀಬೋರ್ಡ್ ಬಂದಿದೆ. ನನಗೆ ಅದು ಸೇರದು. ಹಾಡಿಗೆ ‘ಒನ್ಸ್ ಮೋರ್’ ಬಿದ್ದರೆ ಯುದ್ಧವೇ ನಿಲ್ಲುತ್ತದೆ, ಸಾಯಲು ಬಿದ್ದ ಅಭಿಮನ್ಯು ಎದ್ದು ಇನ್ನೊಮ್ಮೆ ಹಾಡುತ್ತಾನೆ. ನಡುವೆ ಬಂಧುಬಳಗದವರು ನೋಟಿನ ಹಾರ ಹಾಕಲು ಬರುತ್ತಾರೆ, ಮೈಕಿನಲ್ಲಿ ಅವರ ಹೆಸರು ಕೂಗುತ್ತಾರೆ. ನೀವು ಬೇಸರಪಟ್ಟುಕೊಳ್ಳದೆ ಅಷ್ಟರಲ್ಲಿ ಒಂದು ಟೀ ಕುಡಿದು ಬನ್ನಿ.

ಇಲ್ಲಿನ ಲೆಕ್ಕವೂ ಸ್ವಾರಸ್ಯವಾಗಿದೆ. ನೋಡುವವರಿಗೆ ಬಿಟ್ಟಿ, ದುಡ್ಡು ಕೊಡುವವರು ಆಡುವವರು. ಕೃಷ್ಣ, ದುರ್ಯೋಧನ, ಭೀಮ, ಕರ್ಣ ಇವಕ್ಕೆಲ್ಲ ಒಂದೊಂದು ದರ. ಹಾಡು ಹೆಚ್ಚಿದ್ದಷ್ಟೂ ಪಾತ್ರ ದುಬಾರಿ. ಆ ಹಣದಲ್ಲಿ ಮೇಷ್ಟ್ರ ಸಂಭಾವನೆ, ಸೀನರಿ, ಮೈಕು, ಹೊರಗಿನಿಂದ ಕರೆಸುವ ಸ್ತ್ರೀಪಾತ್ರದ ಕಲಾವಿದೆಯರ ಖರ್ಚು ಎಲ್ಲ ಹೋಗಬೇಕು. ಹೀಗಾಗಿ ಮಳೆ ಕೈಕೊಟ್ಟು ಕಡಲೆಕಾಯಿ ಹೋದ ವರ್ಷ ನಾಟಕವೂ ಹೋಗುತ್ತದೆ. ಬೆಳೆ ಕೈಗೆ ಬಂದ ವರ್ಷ ಸಂಕ್ರಾಂತಿಯಿಂದ ಬೇಸಿಗೆ ಮುಗಿಯುವವರೆಗೆ ಯಾವುದನ್ನು ನೋಡಲಿ ಯಾವುದನ್ನು ಬಿಡಲಿ ಎಂಬ ಪಾಡು.

ಧ್ವನಿವರ್ಧಕಕ್ಕೆ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ನಿರ್ಬಂಧ ಹಾಕಿದ ಶಬ್ದಮಾಲಿನ್ಯ ನಿಯಮ 2000ರಲ್ಲಿ ಬಂತು. ವರ್ಷಕ್ಕೆ ಹೆಚ್ಚೆಂದರೆ 15 ದಿನ, ಅದೂ ನಡುರಾತ್ರಿ 12ರವರೆಗೆ, ಸರ್ಕಾರ ಸಡಿಲಿಸಬಹುದು. ಕೋಳಿ ಕೂಗುವ ಹೊತ್ತಿಗೆ ಮಂಗಳ ಹಾಡುವ ಆಟಕ್ಕೆ ಇದು ಒಗ್ಗುವ ಗಡಿಯಾರವಲ್ಲ. ಪಟ್ಟಣದ ರಂಗಮಂದಿರಗಳಲ್ಲಿ ಬೆಳಗ್ಗೆಯೇ ಶುರುವಾಗುವ ಕುರುಕ್ಷೇತ್ರಗಳು ಹೆಚ್ಚಿವೆ. ಹಗಲು ಹೊತ್ತು ನೋಡಿದರೆ ಬಣ್ಣ ಬಣ್ಣವಾಗಿಯೇ ಕಾಣುತ್ತದೆ, ಮುಖವಾಗುವುದಿಲ್ಲ. ಹಾಡಿಗೇನೂ ಕೊರತೆಯಿಲ್ಲ.

ನಾಟಕಕ್ಕಿಂತ ರುಚಿಯಾದದ್ದು ಅದರ ತಾಲೀಮು. ಎರಡು ಮೂರು ತಿಂಗಳು, ಹೊಲದ ಕೆಲಸ ಮುಗಿಸಿ ಊಟ ಮಾಡಿ ಬಂದವರು ಗುಡಿಯ ಅಂಗಳದಲ್ಲೋ ಶಾಲೆಯ ಜಗಲಿಯಲ್ಲೋ ಸೇರುತ್ತಾರೆ. ಮೈಕಿಲ್ಲ, ನೋಟಿನ ಹಾರವಿಲ್ಲ. ಒಂದೇ ಸಾಲನ್ನು ಮೇಷ್ಟ್ರು ಇಪ್ಪತ್ತು ಸಲ ಹೇಳಿಸುತ್ತಾರೆ. ಬರಿಗಂಟಲಿನ ಹಾಡು, ಪೆಟ್ಟಿಗೆ, ತಬಲ. ನೀವು ಬೆಂಗಳೂರಿನಲ್ಲಿ ಹುಡುಕಿಕೊಂಡು ಹೋಗುತ್ತಿದ್ದ ಚಿಕ್ಕ ಬೈಠಕ್‌ಗೆ ಇದಕ್ಕಿಂತ ಹತ್ತಿರದ್ದು ಈ ಕಡೆ ಸಿಗದು. ‘ನಾಟ್ಕ ಕಲೀತಾವ್ರೆ’ ಎಂಬ ಮಾತು ಯಾವ ಊರಿನ ಬಗ್ಗೆ ಕಿವಿಗೆ ಬಿದ್ದರೂ ಹೋಗಿ ಮೂಲೆಯಲ್ಲಿ ಕೂತುಬಿಡಿ, ಯಾರೂ ಏಳಿ ಎನ್ನುವುದಿಲ್ಲ.

ಭಜನೆಯದು ಇನ್ನೂ ಸುಲಭ. ಶ್ರಾವಣದ ವಾರಗಳು, ಧನುರ್ಮಾಸದ ಬೆಳಗಿನ ಜಾವ, ಏಕಾದಶಿ ರಾತ್ರಿಗಳಲ್ಲಿ ತಾಳದ ಸದ್ದು ಹಿಡಿದು ಹೊರಟರೆ ಸಾಕು. ನಿಮ್ಮದು ಗಡಿಯ ಊರಾದ್ದರಿಂದ ತತ್ವಪದಕ್ಕೆ ಎರಡು ನಾಲಗೆ. ಕೈವಾರದ ತಾತಯ್ಯ ತೆಲುಗಿನಲ್ಲೂ ಕನ್ನಡದಲ್ಲೂ ಬರೆದವರು. ಇಲ್ಲಿನವರಿಗೆ ಎರಡೂ ಮನೆಮಾತಿನಷ್ಟೇ ಸಲೀಸು. ಸಾವಿನ ಮನೆಯಲ್ಲಿ ಹೆಣದ ಮುಂದೆ ಬೆಳಗಿನವರೆಗೆ ನಡೆಯುವ ಭಜನೆಯೂ ಇದೆ. ಅಲ್ಲಿಗೆ ಸಂಗೀತ ಕೇಳಲೆಂದು ಹೋಗುವಂತಿಲ್ಲ. ನೆರೆಯವರಾಗಿ ಹೋದಾಗ ಕೇಳಿಸುತ್ತದೆ.

ಗಡಿ ದಾಟಿ ಅಮರಾಪುರದ ದಿಕ್ಕಿಗೆ ಹೋದರೆ ಹೇಮಾವತಿ. ಹೆಸರಿಗೆ ಆಂಧ್ರ, ಮಡಕಶಿರಾ ಸೀಮೆ. ಆದರೆ ಇದು ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು, ಶಾಸನಗಳು ಕನ್ನಡದವು. ಲಿಂಗರೂಪವಲ್ಲದೆ ಮನುಷ್ಯರೂಪದಲ್ಲಿ ಕೂತ ಸಿದ್ಧೇಶ್ವರನಿಗೆ ಶಿವರಾತ್ರಿಯ ಆಸುಪಾಸಿನಲ್ಲಿ ಜಾತ್ರೆ. ಹಿರಿಯೂರಿನ ತೇರುಮಲ್ಲೇಶ್ವರನ ತೇರು ಮಾಘದಲ್ಲಿ. ಒಂದಾದ ಮೇಲೊಂದು ಬರುವುದರಿಂದ ಆ ದಿನಗಳಲ್ಲಿ ನಿಮಗೆ ಡೊಳ್ಳು, ವೀರಗಾಸೆ, ಉರುಮೆ, ತಮಟೆಗೆ ಬರವಿಲ್ಲ.

ಕಾಡುಗೊಲ್ಲರ ಹಟ್ಟಿಗಳ ಮಾತು ಬೇರೆ. ಜುಂಜಪ್ಪನ ಕಥೆಯನ್ನು ಗಣೆ ಎಂಬ ಉದ್ದನೆಯ ಬಿದಿರುಕೊಳಲಿನ ಜೊತೆ ಹಾಡುವವರು ಈ ಬಯಲಿನಲ್ಲಿದ್ದಾರೆ. ಚಳ್ಳಕೆರೆ ತಾಲ್ಲೂಕು ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಓದುಬರಹವಿಲ್ಲದೆ ಸಾವಿರಾರು ಪದಗಳನ್ನು ನೆನಪಿನಲ್ಲಿ ಇಟ್ಟುಕೊಂಡಿದ್ದರು. ಕೃಷ್ಣಮೂರ್ತಿ ಹನೂರರು ಬರೆದುಕೊಂಡದ್ದರಿಂದ ನಾಡಿಗೆ ತಿಳಿಯಿತು. ಈ ಹಾಡು ದೇವರ ಕೆಲಸಕ್ಕೆ, ಬೀಸುವ ಕುಟ್ಟುವ ಕೆಲಸಕ್ಕೆ, ಮದುವೆಗೆ ಎಂದು ಇರುವಂಥದ್ದು, ಬಂದವರ ಮುಂದೆ ಹಾಡಲೆಂದಲ್ಲ. ಮೊಬೈಲ್ ಮುಂದೆ ಹಿಡಿದು ನುಗ್ಗಬೇಡಿ. ಹಟ್ಟಿಯ ಪರಿಚಯಸ್ಥರೊಬ್ಬರ ಜೊತೆ ಹೋಗಿ, ಚಪ್ಪಲಿ ಎಲ್ಲಿ ಬಿಡಬೇಕೆಂದು ಕೇಳಿ ಬಿಡಿ, ಹಾಡದಿದ್ದರೆ ಮಜ್ಜಿಗೆ ಕುಡಿದು ಬನ್ನಿ.

ನವೆಂಬರ್ ಮೊದಲ ವಾರಕ್ಕೆ ಮಾತ್ರ ರಜೆ ಹಾಕಿಟ್ಟುಕೊಳ್ಳಿ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಪಂಡಿತಾರಾಧ್ಯ ಶಿವಾಚಾರ್ಯರು 1987ರಲ್ಲಿ ಶಿವಕುಮಾರ ಕಲಾಸಂಘ ಕಟ್ಟಿದರು. 1997ರಲ್ಲಿ ಶುರುವಾದ ಅದರ ‘ಶಿವಸಂಚಾರ’ ತಂಡ ನಾಟಕಗಳನ್ನು ಹೊತ್ತು ರಾಜ್ಯ ಸುತ್ತುತ್ತದೆ. ಆ ವಾರ ಅಲ್ಲಿ ನಡೆಯುವ ನಾಟಕೋತ್ಸವದ ಸಂಜೆಗಳಲ್ಲಿ, ಬಯಲು ರಂಗಮಂದಿರದ ಮೆಟ್ಟಿಲುಗಳ ಮೇಲೆ ಜನ ತುಂಬಿ ಕೂತಿರುವಾಗ, ನಾಟಕಕ್ಕೆ ಮೊದಲು ವಚನ ಹಾಡುತ್ತಾರೆ. ನೀವು ಕೇಳಿದ ‘ಜಾಗ’ ಎಂಬ ಮಾತಿಗೆ ಜಿಲ್ಲೆಯಲ್ಲಿ ಹೊಂದುವುದು ಇದೊಂದೇ. ನಿಮ್ಮೂರಿನಿಂದ ದೂರ, ರಾತ್ರಿ ಅಲ್ಲೇ ಉಳಿಯುವ ಏರ್ಪಾಡು ಮಾಡಿಕೊಂಡು ಹೋಗಿ.

ಗಣೇಶನ ಹಬ್ಬದ ‘ರಸಮಂಜರಿ’ಯನ್ನು ನಾನು ಶಿಫಾರಸು ಮಾಡುವುದಿಲ್ಲ. ವಾದ್ಯದವರಿದ್ದ ಕಾಲದಲ್ಲಿ ಅದಕ್ಕೂ ಒಂದು ಖದರಿತ್ತು. ಈಗ ಎಷ್ಟೋ ಕಡೆ ಪೆನ್‌ಡ್ರೈವ್‌ನ ಟ್ರ್ಯಾಕ್ ಹಾಡುತ್ತದೆ, ಗಾಯಕರು ಕೈ ಎತ್ತಿ ‘ಜೋರಾಗಿ ಚಪ್ಪಾಳೆ’ ಎನ್ನುತ್ತಾರೆ.

ಇನ್ನೊಂದು ವಿಷಯ. ತಾಲೀಮಿಗೆ ನಾಲ್ಕು ದಿನ ತಪ್ಪದೆ ಹೋದರೆ ಐದನೆಯ ದಿನ ಮೇಷ್ಟ್ರು ನಿಮ್ಮ ಶ್ರುತಿ ಯಾವುದೆಂದು ಕೇಳಿಯೇ ಕೇಳುತ್ತಾರೆ, ಯಾಕೆಂದರೆ ಅವರಿಗೆ ಸದಾ ಒಂದು ಪಾತ್ರ ಖಾಲಿ ಇರುತ್ತದೆ. ಹಾಡಲು ಬರುವುದಾದರೆ ಸಂಕೋಚ ಬೇಡ. ಆದರೆ ಸಂಬಳ ನೋಡಿಕೊಂಡು ಒಪ್ಪಿಕೊಳ್ಳಿ. ಕೃಷ್ಣನ ತಂಟೆಗೆ ಈಗಲೇ ಹೋಗಬೇಡಿ, ಮೊದಲ ವರ್ಷಕ್ಕೆ ವಿದುರ ಸಾಕು.