ಬೀಳಿಸುವ ಕೈ, ಕಾಯುವ ಕೈ

ಮಗೂ, ಗಡಿಯಲ್ಲಿ ಗುಂಡಿನ ಸದ್ದು ಕೇಳಿದ ರಾತ್ರಿ ‘ಆ ದೇಶದ ವೆಬ್‌ಸೈಟ್ ಬೀಳಿಸೋಣ, ಬಾ’ ಎಂಬ ಕರೆ ನಿನ್ನ ಮೊಬೈಲಿಗೂ ಬಂದೀತು. ಸೈಬರ್ ಭದ್ರತೆ ಓದುತ್ತಿರುವ ನಿನಗೆ ಆ ವಿದ್ಯೆಯೂ ಗೊತ್ತು, ಬಿಸಿ ರಕ್ತವೂ ಇದೆ. ಬಹುಕಾಲ ಕಾನೂನು ಪಾಠ ಹೇಳಿದ ಈ ಅಜ್ಜನ ಮಾತನ್ನು ಮೊದಲು ಕೇಳು.

2007ರ ಏಪ್ರಿಲ್ ಕೊನೆಯಲ್ಲಿ ಎಸ್ಟೋನಿಯಾ ಸರ್ಕಾರ ಟಾಲಿನ್ ನಗರದ ನಡುವಿದ್ದ ಸೋವಿಯತ್ ಯೋಧನ ಕಂಚಿನ ಪ್ರತಿಮೆಯನ್ನು ಸ್ಥಳಾಂತರಿಸಿತು. ಅದರ ಬೆನ್ನಿಗೇ ಬ್ಯಾಂಕು, ಪತ್ರಿಕೆ, ಸರ್ಕಾರಿ ಜಾಲತಾಣಗಳ ಮೇಲೆ ವಾರಗಟ್ಟಲೆ ದಾಳಿ ನಡೆಯಿತು. ಎಲ್ಲರ ಅನುಮಾನ ರಷ್ಯಾದ ಮೇಲೆ, ರಷ್ಯಾ ಅಲ್ಲಗಳೆಯಿತು. ದಾಳಿಗೆ ಬಳಕೆಯಾದ ಕಂಪ್ಯೂಟರ್‌ಗಳು ಹತ್ತಾರು ದೇಶಗಳಲ್ಲಿ ಹರಡಿದ್ದವು; ಎಷ್ಟೋ ಮಾಲೀಕರಿಗೆ ಅದರ ಸುಳಿವೇ ಇರಲಿಲ್ಲ. ಮರುವರ್ಷ ದಂಡ ತೆತ್ತವನು ಎಸ್ಟೋನಿಯಾದಲ್ಲೇ ಇದ್ದ ಒಬ್ಬ ವಿದ್ಯಾರ್ಥಿ. ನಿನ್ನಂಥ ಹುಡುಗ.

ಸೈಬರ್ ಲೋಕಕ್ಕೆ ಕಾನೂನಿಲ್ಲ ಎಂದವರನ್ನು ನಂಬಬೇಡ. ವಿಶ್ವಸಂಸ್ಥೆಯ ಸನ್ನದು ಅಲ್ಲಿಗೂ ಅನ್ವಯಿಸುತ್ತದೆ ಎಂದು 2013ರಲ್ಲಿ ಆ ಸಂಸ್ಥೆಯ ತಜ್ಞರ ಸಮಿತಿ ಒಪ್ಪಿತು. ಅಮೆರಿಕ, ರಷ್ಯಾ, ಚೀನಾಗಳ ಜೊತೆ ಭಾರತವೂ ಅದರಲ್ಲಿತ್ತು. ಒಂದು ದೇಶ ಇನ್ನೊಂದರ ಮೇಲೆ ಬಲ ಪ್ರಯೋಗಿಸುವಂತಿಲ್ಲ ಎನ್ನುತ್ತದೆ ಸನ್ನದಿನ 2(4)ನೇ ವಿಧಿ. ಸಶಸ್ತ್ರ ದಾಳಿಯಾದರೆ ಆತ್ಮರಕ್ಷಣೆಯ ಹಕ್ಕು ಕೊಡುತ್ತದೆ 51ನೇ ವಿಧಿ. ಆದರೆ ಖಾಸಗಿ ವ್ಯಕ್ತಿಗಳ ಕೃತ್ಯವನ್ನು ದೇಶದ ತಲೆಗೆ ಕಟ್ಟಬೇಕಾದರೆ, ಅದು ಆ ದೇಶದ ಸೂಚನೆಯಂತೆ ಅಥವಾ ಹಿಡಿತದಲ್ಲಿ ನಡೆಯಿತೆಂಬುದಕ್ಕೆ ಪುರಾವೆ ಬೇಕು. ಕಾನೂನು ಎಡವುವುದು ಇಲ್ಲೇ.

ಇನ್ನೊಂದು ಮಾತು ನೆನಪಿಡು. ಅಲ್ಬೇನಿಯಾದ ಕಡಲಲ್ಲಿ ಹುದುಗಿಸಿದ್ದ ಸಿಡಿಗುಂಡುಗಳಿಗೆ 44 ಬ್ರಿಟಿಷ್ ನಾವಿಕರು ಬಲಿಯಾಗಿದ್ದರು. ತನ್ನ ನೆಲ ಪರರ ಹಕ್ಕಿಗೆ ಕೇಡು ಮಾಡಲು ಬಳಕೆಯಾಗುವುದನ್ನು ಯಾವ ದೇಶವೂ ತಿಳಿದೂ ಬಿಡಬಾರದು ಎಂದು 1949ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ ಆ ಪ್ರಕರಣದಲ್ಲಿ ಹೇಳಿತು. ನೀನು ಇಲ್ಲಿಂದ ಕಲ್ಲೆಸೆದರೆ ಲೋಕ ಕೇಳುವುದು ನಿನ್ನ ದೇಶವನ್ನು. ನಿನಗೂ ಬಿಡುಗಡೆಯಿಲ್ಲ: ಅನುಮತಿಯಿಲ್ಲದೆ ಪರರ ಕಂಪ್ಯೂಟರ್‌ಗೆ ದುರುದ್ದೇಶದಿಂದ ನುಗ್ಗಿದರೆ ನಮ್ಮ ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ ಮೂರು ವರ್ಷದವರೆಗೆ ಸೆರೆಯಾಗಬಹುದು.

ದೇಶಸೇವೆ ಮಾಡಬೇಕೆಂಬ ಆಸೆ ಒಳ್ಳೆಯದೇ. ನಿನ್ನೂರಿನ ಆಸ್ಪತ್ರೆಯ, ಬ್ಯಾಂಕಿನ ಸರ್ವರ್ ಭದ್ರವಾಗಿಡುವ ಕೆಲಸ ಹಿಡಿ. ದಾಳಿಯಾದಾಗ ಲಾಗ್‌ಗಳನ್ನು ಅಳಿಯದಂತೆ ಕಾಪಾಡು, ದೇಶದ ಸೈಬರ್ ತುರ್ತು ಸ್ಪಂದನಾ ತಂಡವಾದ ಸರ್ಟ್-ಇನ್‌ಗೆ ವರದಿ ಮಾಡು. ದೂರು ಹೊತ್ತು ಲೋಕದ ಮುಂದೆ ನಿಲ್ಲುವ ದಿನ ದೇಶದ ಕೈಯಲ್ಲಿ ಪುರಾವೆಯಿರಬೇಕು. ಅದನ್ನು ಒದಗಿಸುವ ವಿದ್ಯೆ ನಿನ್ನಲ್ಲಿದೆ, ಮಗೂ.